ಸಪ್ಪೆ ಸೇಡು

ಕಪಿಲಾ ನದಿಯ ದಂಡೆಯಲ್ಲಿ ಪರಶಿವಮೂರ್ತಿ ಎಂಬ ಮೇಷ್ಟ್ರಿದ್ದರು. ಅವರು ಕಲಿಸುತ್ತಿದ್ದದ್ದು ವೇದಾಂತವನ್ನಲ್ಲ, ಸಿನಿಮಾ ಎಡಿಟ್ ಮಾಡುವುದನ್ನು.

ಮದರಾಸಿನಲ್ಲೂ ಬೆಂಗಳೂರಿನಲ್ಲೂ ಬಹಳ ಕಾಲ ಎಡಿಟರ್ ಆಗಿದ್ದು, ವಯಸ್ಸಾದ ಮೇಲೆ ಹೊಳೆಯ ಪಕ್ಕ ಒಂದು ಹೆಂಚಿನ ಮನೆ ಹಿಡಿದಿದ್ದರು. ಕಲಿಯಲು ಬಂದವರಿಗೆ ಅಲ್ಲೇ ಜಾಗ. ಅಡುಗೆ ಮಾಡಬೇಕು, ಕಸ ಗುಡಿಸಬೇಕು, ಉಳಿದ ಹೊತ್ತು ಸಿನಿಮಾ ನೋಡಬೇಕು. ಮೇಷ್ಟ್ರು ಹೆಚ್ಚು ಮಾತಾಡುತ್ತಿರಲಿಲ್ಲ.

ದೊರೆಸ್ವಾಮಿ ಅವರ ಹಳೆಯ ಶಿಷ್ಯ. ಇಲ್ಲಿ ಕಲಿತು ಹೋದವನು ಈಗ ತಾನೇ ಒಂದು ಸಿನಿಮಾ ನಿರ್ದೇಶಿಸಿದ್ದ. ಅದು ಸೇಡಿನ ಕಥೆ.

ಒಂದು ದಿನ ಬೆಳಗ್ಗೆ ಅವನು ಹೆಗಲಿಗೆ ಬ್ಯಾಗು ಹಾಕಿಕೊಂಡು ಬಂದ. ಮೇಷ್ಟ್ರು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಮೈಸೂರಿನಲ್ಲಿ ಕೆಲವರಿಗೆ ಸಿನಿಮಾ ತೋರಿಸಿದೆ ಮೇಷ್ಟ್ರೇ. ಬಿಡುಗಡೆಗೆ ಮುಂಚೆ ಹೇಗಿದೆ ನೋಡೋಣ ಅಂತ."

"ಏನಂದರು?"

"ಏನೂ ಅನ್ನಲಿಲ್ಲ. ಅದೇ ತೊಂದರೆ. ಕೊಲೆಯ ದೃಶ್ಯ ನಡೆಯುತ್ತಿದ್ದಾಗ ಮುಂದಿನ ಸಾಲಿನವನು ಫೋನ್ ತೆಗೆದು ನೋಡಿದ. ಪಕ್ಕದವಳು ಆಕಳಿಸಿದಳು."

"ಕೂತ್ಕೋ. ಅವರೆಕಾಯಿ ಸುಲಿ."

ದೊರೆಸ್ವಾಮಿ ಕೂತ. ಸುಲಿಯುತ್ತಾ ಕೇಳಿದ: "ಸೇಡಿನ ಸಿನಿಮಾ ಕೆಲವು ಗೆಲ್ಲುತ್ತವೆ, ಕೆಲವು ಸೋಲುತ್ತವೆ. ಎಲ್ಲದರಲ್ಲೂ ಕೊನೆಗೆ ಕೆಟ್ಟವನು ಸಾಯುತ್ತಾನೆ. ಮತ್ತೆ ಯಾಕೆ ಹೀಗೆ?"

ಮೇಷ್ಟ್ರು ಕಾಳುಗಳನ್ನು ಮೊರಕ್ಕೆ ಹಾಕಿದರು. "ಮೊದಲು ನಿನ್ನದನ್ನು ನೋಡೋಣ" ಎಂದರು.

ಊಟವಾದ ಮೇಲೆ ಒಳಕೋಣೆಯ ಕಿಟಕಿ ಮುಚ್ಚಿ ಗೋಡೆಯ ಮೇಲೆ ಸಿನಿಮಾ ಹಾಕಿದರು.

ಕಥೆ ಇಷ್ಟು. ಕರಿಕಲ್ಲಿನ ಕ್ವಾರಿಯಲ್ಲಿ ಒಬ್ಬ ಕೂಲಿಯವನು. ಒಂದು ದಿನ ಬಂಡೆಗೆ ಮದ್ದು ಇಟ್ಟವರು ಕೂಗಿ ಎಚ್ಚರಿಸದೆ ಸಿಡಿಸಿಬಿಡುತ್ತಾರೆ. ಅವನು ಸಾಯುತ್ತಾನೆ. ಕೂಗಿ ಹೊತ್ತು ಕಳೆಯಬೇಡಿ ಎಂದವನು ಕ್ವಾರಿಯ ಧಣಿ. ಕೇಸು ನಡೆಯುತ್ತದೆ, ಸಾಕ್ಷಿಗಳು ಉಲ್ಟಾ ಹೊಡೆಯುತ್ತಾರೆ, ಧಣಿ ನಗುತ್ತಾ ಮನೆಗೆ ಹೋಗುತ್ತಾನೆ. ಸತ್ತವನ ತಮ್ಮ ಬೆಳೆದು ದೊಡ್ಡವನಾಗಿ ಬಂದು ಧಣಿಯನ್ನು ಅದೇ ಕ್ವಾರಿಯಲ್ಲಿ ಹೊಡೆದು ಕೊಲ್ಲುತ್ತಾನೆ.

ಕೊಲೆಯ ದೃಶ್ಯ ಶುರುವಾಯಿತು. ಮೇಷ್ಟ್ರು ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಒಣಗಿದ ಬಟ್ಟೆಗಳ ರಾಶಿಯೊಡನೆ ಒಳಗೆ ಬಂದು ಮಡಿಸುತ್ತಾ ಕೂತರು.

ಸಿನಿಮಾ ಮುಗಿಯಿತು.

"ನೀವು ಎದ್ದು ಹೋದಿರಿ" ಎಂದ ದೊರೆಸ್ವಾಮಿ.

"ಮೋಡ ಆಗಿತ್ತು. ಬಟ್ಟೆ ತರೋಣ ಅಂತ."

"ಅದೇ ಮುಖ್ಯ ದೃಶ್ಯ ಮೇಷ್ಟ್ರೇ."

"ಏನೂ ತಪ್ಪಿಹೋಗಲಿಲ್ಲ. ನಾನು ಬಂದಾಗಲೂ ಹೊಡೀತಾನೇ ಇದ್ದ."

ದೊರೆಸ್ವಾಮಿಯ ಮುಖ ಕೆಂಪಾಯಿತು. "ಇದು ಕಟ್ಟುಕಥೆಯಲ್ಲ" ಎಂದ. "ಸತ್ತವನು ನನ್ನ ಅಣ್ಣ. ಸಿದ್ದರಾಜು ಅಂತ. ಧಣಿ ಇನ್ನೂ ಇದ್ದಾನೆ. ಚಾಮರಾಜನಗರದಲ್ಲಿ, ದೊಡ್ಡ ಮನೆಯಲ್ಲಿ. ವೆಂಕಟಾಚಲಯ್ಯ. ಅವನನ್ನೇ ಹೋಲುವ ನಟನನ್ನು ಹುಡುಕಿ ಹಾಕಿದ್ದೇನೆ. ಈ ಸಿನಿಮಾ ಅವನೂರಿನ ಟಾಕೀಸಿನಲ್ಲಿ ಓಡಬೇಕು. ಅವನು ಕೂತು ನೋಡಬೇಕು. ಅದಕ್ಕೇ ಮಾಡಿದ್ದು."

ಮೇಷ್ಟ್ರು ಇದನ್ನು ಮುಂಚೆ ಕೇಳಿರಲಿಲ್ಲ. ಕೈಯಲ್ಲಿದ್ದ ಟವಲು ಮಡಿಸಿ ಕೆಳಗಿಟ್ಟರು.

"ಆ ವೆಂಕಟಾಚಲಯ್ಯನ ಬಗ್ಗೆ ಹೇಳು."

ದೊರೆಸ್ವಾಮಿ ಹೇಳಿದ. ಬಿಳಿ ಅಂಗಿ, ಬಿಳಿ ಪಂಚೆ. ನಡೆಯುವಾಗ ಪಂಚೆಯ ತುದಿ ಎಡಗೈಯಲ್ಲಿ. ಮಾತಾಡುವ ಮುಂಚೆ ಒಮ್ಮೆ ಕೆಮ್ಮುತ್ತಾನೆ, ಕೋರ್ಟಿನಲ್ಲಿ ಜಡ್ಜ್ ಸಾಹೇಬರು ಕೇಳಿದಾಗಲೂ ಹಾಗೇ ಕೆಮ್ಮಿದ. ಕಾಫಿಗೆ ಸಕ್ಕರೆ ಬೇಡ. ಹಳೆಯ ಜೀಪು ಮಾರಿ ಕಾರು ತಗೊಂಡ. ಮಗಳ ಮದುವೆಯನ್ನು ನಂಜನಗೂಡಿನಲ್ಲಿ ಮಾಡಿದ. ಸೋಮವಾರ ದೇವಸ್ಥಾನಕ್ಕೆ ಹೋಗುತ್ತಾನೆ, ಚಪ್ಪಲಿಯನ್ನು ಡ್ರೈವರ್ ಕೈಲಿ ಕಾಯಿಸುತ್ತಾನೆ. ಕೂದಲಿಗೆ ಬಣ್ಣ ಹಚ್ಚುವುದನ್ನು ಈಚೆಗೆ ಬಿಟ್ಟಿದ್ದಾನೆ.

ಅವನು ಹೇಳುತ್ತಾ ಹೋದ ಹಾಗೆ, ಮುಂದೆ ಇಟ್ಟಿದ್ದ ಕಾಫಿ ಆರಿಹೋಯಿತು.

"ಇಷ್ಟೆಲ್ಲ ನಿನಗೆ ಹೇಗೆ ಗೊತ್ತು?"

"ಹೋಗಿ ನೋಡುತ್ತಿದ್ದೆ. ದೂರದಲ್ಲಿ ನಿಂತು. ಕಾಲೇಜಿನಲ್ಲಿದ್ದಾಗಿನಿಂದ."

"ಸರಿ. ಈಗ ನಿನ್ನ ಅಣ್ಣನ ಬಗ್ಗೆ ಹೇಳು."

"ಅಣ್ಣ ಒಳ್ಳೆಯವನು. ಅಪ್ಪ ಅಮ್ಮ ಹೋದ ಮೇಲೆ ಅವನೇ ನನ್ನನ್ನು ಸಾಕಿದ್ದು. ಕಷ್ಟಪಟ್ಟು ಓದಿಸಿದ."

ಮೇಷ್ಟ್ರು ಕಾದರು.

"ಯಾರಿಗೂ ಕೆಟ್ಟದ್ದು ಬಯಸಿದವನಲ್ಲ."

"ಆಮೇಲೆ?"

"ದೇವರಂಥ ಮನುಷ್ಯ."

"ಇದನ್ನು ಶ್ರದ್ಧಾಂಜಲಿ ಬ್ಯಾನರಿನ ಮೇಲೆ ಬರೆಸುತ್ತಾರೆ. ಯಾರ ಫೋಟೋ ಹಾಕಿದರೂ ಹೊಂದುತ್ತೆ."

"ಅವನು ಸತ್ತಾಗ ನಾನಿನ್ನೂ ಸ್ಕೂಲಿಗೆ ಹೋಗುತ್ತಿದ್ದೆ."

"ಅತ್ತಿಗೆ ಇದ್ದಾರಾ?"

"ಇದ್ದಾರೆ. ಊರಲ್ಲೇ. ಹಬ್ಬಕ್ಕೆ ಫೋನ್ ಮಾಡುತ್ತೇನೆ. ಹೋಗಿ ಬಹಳ ಕಾಲವಾಯಿತು."

ಮೇಷ್ಟ್ರು ಆರಿದ ಕಾಫಿಯ ಲೋಟ ತೆಗೆದುಕೊಂಡು ಒಳಗೆ ಹೋದರು. ಅವತ್ತು ಮತ್ತೆ ಸಿನಿಮಾದ ಮಾತು ಎತ್ತಲಿಲ್ಲ.

ದೊರೆಸ್ವಾಮಿ ಹೊಳೆಯ ದಂಡೆಗೆ ಹೋಗಿ ಕೂತು ಯೋಚಿಸಿದ. ಧಣಿ ಇನ್ನೂ ಸಾಕಷ್ಟು ಕೆಟ್ಟವನಾಗಿ ಕಾಣುತ್ತಿಲ್ಲ, ಅದೇ ಕೊರತೆ ಎಂದುಕೊಂಡ. ಚಿತ್ರೀಕರಿಸಿ ಆಮೇಲೆ ಕೈಬಿಟ್ಟಿದ್ದ ದೃಶ್ಯಗಳು ಅವನ ಬಳಿ ಇದ್ದವು. ಧಣಿ ಮುದುಕನೊಬ್ಬನನ್ನು ಒದೆಯುವುದು, ಹೆಂಗಸೊಬ್ಬಳ ತಲೆಯ ಮೇಲಿನ ಬುತ್ತಿಯನ್ನು ತಟ್ಟಿ ಬೀಳಿಸುವುದು. ಅವನ್ನೆಲ್ಲ ಸೇರಿಸಿದ. ಕೊಲೆಯ ಹಿಂದೆ ತಮಟೆಯ ಸದ್ದು ಏರಿಸಿದ. ರಕ್ತ ಚಿಮ್ಮುವ ಶಾಟುಗಳನ್ನು ಮತ್ತಷ್ಟು ಉದ್ದ ಮಾಡಿದ.

ಮಾರನೆಯ ದಿನ ತೋರಿಸಿದ. ಈ ಸಲ ಮೇಷ್ಟ್ರು ಕೊನೆಯವರೆಗೂ ಕೂತಿದ್ದರು. ಮುಗಿದ ಮೇಲೆ, "ಇವತ್ತು ಅಡುಗೆ ನಾನು ಮಾಡುತ್ತೇನೆ" ಎಂದರು.

ಅನ್ನ, ಅವರೆಕಾಳಿನ ಸಾರು. ದೊರೆಸ್ವಾಮಿ ಒಂದು ತುತ್ತು ಬಾಯಿಗಿಟ್ಟು ತಲೆಯೆತ್ತಿದ.

"ಏನು?" ಎಂದರು ಮೇಷ್ಟ್ರು.

"ಉಪ್ಪು ಮರೆತಿದ್ದೀರಿ. ಸಪ್ಪೆ ಇದೆ."

ಮೇಷ್ಟ್ರು ಖಾರದ ಪುಡಿಯ ಡಬ್ಬಿ ತೆಗೆದು ಅವನ ತಟ್ಟೆಗೆ ಒಂದು ಚಮಚ ಹಾಕಿದರು. "ಈಗ ತಿನ್ನು."

ಗುರುಗಳು ಹಾಕಿದ್ದು. ದೊರೆಸ್ವಾಮಿ ಕಲಸಿ ತಿಂದ. ಕಣ್ಣಲ್ಲಿ ನೀರು ಬಂತು.

"ಹೇಗಿದೆ?"

"ಬಾಯಿ ಉರಿಯುತ್ತಿದೆ."

"ಸಪ್ಪೆ ಹೋಯಿತಾ?"

"ಇಲ್ಲ."

"ಇನ್ನೊಂದು ಚಮಚ ಹಾಕಲಾ?"

ದೊರೆಸ್ವಾಮಿ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ. ಆಮೇಲೆ ಕೈ ತೊಳೆದು ಬಂದು, "ಊರಿಗೆ ಬಸ್ಸು ಎಷ್ಟು ಹೊತ್ತಿಗಿದೆ?" ಎಂದು ಕೇಳಿದ.

ಅತ್ತಿಗೆಯ ಹೆಸರು ಶಿವಮಲ್ಲಮ್ಮ. ಚಾಮರಾಜನಗರದಾಚೆಯ ಒಂದು ಹಳ್ಳಿಯಲ್ಲಿ ರವಿಕೆ ಹೊಲಿದು ಬದುಕುತ್ತಿದ್ದರು. ದೊರೆಸ್ವಾಮಿ ಬಾಗಿಲಲ್ಲಿ ನಿಂತಾಗ ಮೆಷಿನ್ನಿನ ಮುಂದಿದ್ದರು. ಕನ್ನಡಕದ ಮೇಲಿಂದ ನೋಡಿದರು.

"ಬಾ ದೊರೆ. ಉಂಡ್ಯಾ?"

"ಆಯ್ತು ಅತ್ತಿಗೆ."

"ಸುಳ್ಳು ಹೇಳ್ತೀಯ. ಮುದ್ದೆ ಇದೆ, ಕೂತ್ಕೋ."

ಅವನು ಉಂಡ. ಉಂಡು ಕೈ ಒರೆಸಿಕೊಳ್ಳುತ್ತಾ, "ಅಣ್ಣನ ಬಗ್ಗೆ ಹೇಳಿ" ಎಂದ.

"ಏನು ಹೇಳಲಿ?"

"ಏನಾದರೂ. ಅವನು ಹೇಗಿದ್ದ?"

"ಸಿನಿಮಾಕ್ಕೆ ಕೇಳ್ತಿದ್ದೀಯೋ, ನಿನಗೆ ಬೇಕು ಅಂತ ಕೇಳ್ತಿದ್ದೀಯೋ?"

ಅವನು ಕೈ ಒರೆಸಿಕೊಂಡ ಬಟ್ಟೆಯನ್ನು ಮಡಿಸತೊಡಗಿದ.

ಶಿವಮಲ್ಲಮ್ಮ ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡರು.

"ಮಹಾ ಸಾಧು ಏನಲ್ಲ ನಿಮ್ಮಣ್ಣ. ಸಿಟ್ಟು ಬಂದ್ರೆ ಮಾತೇ ಬಿಟ್ಟುಬಿಡೋರು. ಬೀಡಿ ಬಿಟ್ಟೆ ಅಂತ ನನ್ನ ತಲೆ ಮುಟ್ಟಿ ಆಣೆ ಮಾಡಿ, ಹಿತ್ತಲಲ್ಲಿ ಸೇದೋರು. ಹಲ್ಲಿ ಕಂಡ್ರೆ ಹೆದರಿಕೆ. ಬಂಡೆ ಒಡೆಯೋ ಗಂಡಸು, ಹಲ್ಲಿ ಓಡಿಸೋಕೆ ನನ್ನ ಕರೆಯೋರು."

ದೊರೆಸ್ವಾಮಿ ನಕ್ಕ. ಅಣ್ಣನ ಮಾತು ಬಂದಾಗ ತಾನು ನಗುತ್ತಿದ್ದೇನೆ ಎಂಬುದು ಅವನಿಗೇ ಹೊಸದಾಗಿತ್ತು.

"ಕ್ವಾರಿಯಿಂದ ಬರ್ತಿದ್ರಲ್ಲ ಸಾಯಂಕಾಲ, ತಲೆ, ಮೀಸೆ, ಹುಬ್ಬು ಎಲ್ಲ ಕಲ್ಲಿನ ಧೂಳು ಕೂತು ಬೆಳ್ಳಗಾಗಿರೋದು. ಹಾಗೇ ಒಳಗೆ ಬರ್ತಿರಲಿಲ್ಲ. ಬಾಗಿಲಲ್ಲಿ ಬೆನ್ನು ಬಗ್ಗಿಸಿ, ಕೋಲು ಊರಿಕೊಂಡು ನಿಲ್ಲೋರು. ಮುದುಕನ ಹಾಗೆ ಕೆಮ್ಮಿ, ‘ಯಾರಮ್ಮಾ ಮನೇಲಿ, ವಯಸ್ಸಾಗೈತೆ, ಕಣ್ಣು ಕಾಣಾಕಿಲ್ಲ, ಒಂದು ಚೆಂಬು ನೀರು ಕೊಡ್ತೀಯಾ’ ಅನ್ನೋರು. ನಾನು, ‘ಮುಂದಿನ ಮನೆಗೆ ಹೋಗು ತಾತ’ ಅಂತಿದ್ದೆ. ದಿನಾ ಅದೇ. ದಿನಾ ನಗು ಬರೋದು."

ದೊರೆಸ್ವಾಮಿ ನೆಲ ನೋಡುತ್ತಿದ್ದ.

"ನನಗೆ ಇದು ಗೊತ್ತೇ ಇರಲಿಲ್ಲ ಅತ್ತಿಗೆ."

"ಗೊತ್ತಿರಲಿಲ್ಲ ಅಂದ್ರೆ? ದಾರಿಗೆ ಓಡಿಹೋಗಿ ಕೋಲು ಕೊಡ್ತಿದ್ದೋನು ನೀನೇ ಅಲ್ವಾ."

ಅವನು ತಲೆಯೆತ್ತಲಿಲ್ಲ. ಶಿವಮಲ್ಲಮ್ಮ ಎದ್ದು ಒಳಗೆ ಹೋದರು. ಬೇಕೆಂದೇ ಪಾತ್ರೆ ತೊಳೆಯುತ್ತಾ ತಡ ಮಾಡಿದರು.

ಅವನು ಮೂರು ಸಂಜೆಗಳನ್ನು ಅಲ್ಲೇ ಕಳೆದ. ಕೇಳುವುದನ್ನೆಲ್ಲ ಕೇಳಿದ. ಆಮೇಲೆ ನಿರ್ಮಾಪಕರಿಗೆ ಫೋನ್ ಮಾಡಿ, ಇನ್ನೊಂದು ದೃಶ್ಯ ತೆಗೆಯಬೇಕು ಎಂದ. ನಿರ್ಮಾಪಕರು ಗೊಣಗಿ ಒಪ್ಪಿಕೊಂಡರು. ಅಣ್ಣ, ಅತ್ತಿಗೆಯ ಪಾತ್ರದವರನ್ನು ಕರೆಸಿ, ಆ ಮುದುಕನ ಆಟವನ್ನು ಅದೇ ಬಾಗಿಲಲ್ಲಿ ಚಿತ್ರೀಕರಿಸಿದರು. ಶಿವಮಲ್ಲಮ್ಮ ನೋಡಲು ನಿಲ್ಲಲಿಲ್ಲ. ಪಕ್ಕದ ಮನೆಗೆ ಹೋಗಿ ಕೂತರು.

ಮತ್ತೆ ಹೊಳೆಯ ಪಕ್ಕದ ಮನೆಗೆ ಬಂದಾಗ ದೊರೆಸ್ವಾಮಿ ಮೊದಲಿಗಿಂತ ನಿಧಾನವಾಗಿದ್ದ. ಒದೆಯುವ ದೃಶ್ಯವನ್ನೂ ಬುತ್ತಿಯ ದೃಶ್ಯವನ್ನೂ ಕಿತ್ತುಹಾಕಿದ. ಅಣ್ಣನ ದೃಶ್ಯವನ್ನು ಸಾವಿಗೆ ಮುಂಚೆ ಇಟ್ಟ. ಕೂತು ಒಮ್ಮೆ ಪೂರ್ತಿ ನೋಡಿದ. ಕೊಲೆಯ ದೃಶ್ಯ ಬಂದಾಗ ಅವನಿಗೇ ಸಾಕಾಯಿತು. ಕತ್ತರಿಸಿದ. ಮತ್ತೆ ನೋಡಿದ, ಮತ್ತೆ ಕತ್ತರಿಸಿದ. ಕೊನೆಗೆ ಒಂದು ಏಟು, ಧಣಿಯ ಮುಖ, ಆಮೇಲೆ ಬಂಡೆಯ ಮೇಲೆ ಕೂತ ತಮ್ಮ, ಇಷ್ಟೇ ಉಳಿಯಿತು. ತಮಟೆಯನ್ನೂ ತೆಗೆದ.

ಮೇಷ್ಟ್ರು ನೋಡಿದರು. ಹೊರಗೆ ಮಳೆ ಹನಿಯುತ್ತಿತ್ತು, ತಂತಿಯ ಮೇಲೆ ಬಟ್ಟೆಗಳಿದ್ದವು. ಅವರು ಏಳಲಿಲ್ಲ.

"ಸರಿಯಾಯಿತಾ ಮೇಷ್ಟ್ರೇ?"

"ಧಣಿಯನ್ನು ಕೊಂದ ಮೇಲೆ ತಮ್ಮ ಎಲ್ಲಿಗೆ ಹೋದ?"

"ಅಲ್ಲಿಗೆ ಸಿನಿಮಾ ಮುಗಿಯುತ್ತದಲ್ಲ."

"ನಮಗೆ ಮುಗಿಯಿತು. ಅವನಿಗೆ?"

ದೊರೆಸ್ವಾಮಿ ಯೋಚಿಸಿದ. "ಮನೆಗೆ ಹೋಗಿರುತ್ತಾನೆ."

"ಮನೆಯಲ್ಲಿ ಯಾರಿದ್ದಾರೆ?"

"ಅತ್ತಿಗೆ."

"ಏನನ್ನುತ್ತಾಳೆ?"

"ಗೊತ್ತಿಲ್ಲ."

"ಗೊತ್ತಿರುವವರನ್ನು ಕೇಳು."

ದೊರೆಸ್ವಾಮಿ ಫೋನ್ ಹಿಡಿದು ಜಗಲಿಗೆ ಹೋದ. ಮಳೆ ನಿಂತಿತ್ತು. ಶಿವಮಲ್ಲಮ್ಮ ಫೋನ್ ಎತ್ತಿದರು.

"ಅತ್ತಿಗೆ, ಒಂದು ಮಾತು ಕೇಳುತ್ತೇನೆ. ನಾನು ನಿಜವಾಗಲೂ ಆ ವೆಂಕಟಾಚಲಯ್ಯನನ್ನು ಕೊಂದು ಮನೆಗೆ ಬಂದಿದ್ದರೆ ನೀವು ಏನನ್ನುತ್ತಿದ್ದಿರಿ?"

ಆ ಕಡೆ ಮೆಷಿನ್ನಿನ ಸದ್ದು ನಿಂತಿತು.

"ಉಂಡ್ಯಾ ಅಂತ ಕೇಳ್ತಿದ್ದೆ."

"ಆಮೇಲೆ?"

"ಪೊಲೀಸ್ನೋರು ಬರೋಕೆ ಮುಂಚೆ ಒಂದು ತುತ್ತು ತಿನ್ನು ಅಂತಿದ್ದೆ. ಇನ್ನೇನು ಹೇಳ್ಲಿ. ನಿಮ್ಮಣ್ಣ ಎದ್ದು ಬರ್ತಿರಲಿಲ್ಲ. ನೀನೂ ಇರ್ತಿರಲಿಲ್ಲ." ದನಿ ತಗ್ಗಿಸಿ, "ನೀನು ಅವನ್ನ ಕೊಲ್ಲೋಕೆ ಹೋಗ್ತೀಯೇನೋ ಅಂತ ನನಗೆ ಬಹಳ ವರ್ಷ ಹೆದರಿಕೆ ಇತ್ತು ಕಣಪ್ಪ" ಎಂದರು.

ಅವನು ಒಳಗೆ ಬಂದು ಆ ಮಾತುಗಳನ್ನು ಹಾಗೇ ಹೇಳಿದ.

"ಇದನ್ನೂ ಒಂದು ದೃಶ್ಯವಾಗಿ ತೆಗೆ" ಎಂದರು ಮೇಷ್ಟ್ರು.

ತೆಗೆದ. ಸಿನಿಮಾದಲ್ಲಿ ತಮ್ಮ ಮನೆಗೆ ಬರುತ್ತಾನೆ, ಅತ್ತಿಗೆ ತಟ್ಟೆ ಇಡುತ್ತಾಳೆ, ಅವನು ತುತ್ತು ಎತ್ತುತ್ತಾನೆ. ಹೊರಗೆ ಜೀಪು ನಿಂತ ಸದ್ದು. ಅಲ್ಲಿಗೆ ಮುಗಿಯುತ್ತದೆ.

ಸಿನಿಮಾ ಬಿಡುಗಡೆಯಾಯಿತು. ಮೈಸೂರಿನಲ್ಲಿ ಜನ ಬಂದರು, ಮಂಡ್ಯದಲ್ಲಿ ಬಂದರು. ಮುಗಿದು ಎದ್ದು ಹೋಗುವಾಗ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲವಂತೆ. ಚಾಮರಾಜನಗರದ ಟಾಕೀಸಿನಲ್ಲೂ ಓಡಿತು.

ಆ ವಾರ ಕಳೆದ ಮೇಲೆ ದೊರೆಸ್ವಾಮಿ ಮೇಷ್ಟ್ರಲ್ಲಿಗೆ ಬಂದ. ಗೆದ್ದವನ ಮುಖವಿರಲಿಲ್ಲ. ಮೇಷ್ಟ್ರು ಹೊಳೆಯಲ್ಲಿ ಸ್ನಾನ ಮುಗಿಸಿ ಮೆಟ್ಟಿಲ ಮೇಲೆ ತಲೆ ಒರೆಸಿಕೊಳ್ಳುತ್ತಿದ್ದರು. ಅವನು ಕೆಳಗಿನ ಮೆಟ್ಟಿಲಲ್ಲಿ ಕೂತ.

"ವೆಂಕಟಾಚಲಯ್ಯ ಬಂದಿದ್ದ ಮೇಷ್ಟ್ರೇ. ಸಿನಿಮಾಕ್ಕೆ. ಹೆಂಡತಿಯ ಜೊತೆ."

"ಹೂಂ."

"ನಾನು ಅವನ ಸಾಲಿನಲ್ಲೇ ಪಕ್ಕಕ್ಕೆ ಕೂತೆ. ಇಷ್ಟು ವರ್ಷ ಕಾದಿದ್ದು ಅದಕ್ಕೇ ತಾನೆ. ಅಣ್ಣ ಕೋಲು ಊರಿಕೊಂಡು ಬಾಗಿಲಲ್ಲಿ ನಿಂತಾಗ ಅವನು ನಕ್ಕ. ಅಣ್ಣ ಸತ್ತಾಗ ಅತ್ತ. ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡ. ಕಳ್ಳ ಅಳುವಲ್ಲ, ನಿಜವಾದ ಅಳು. ನಾನು ನೋಡಿದೆ."

"ಆಮೇಲೆ?"

"ಹೊರಗೆ ಯಾರೋ ನನ್ನನ್ನು ತೋರಿಸಿ, ಇವರೇ ಮಾಡಿದ್ದು ಅಂದರು. ಅವನೇ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡ. ‘ನಮ್ಮ ಕಡೆಯ ಹುಡುಗ ಒಳ್ಳೇ ಸಿನಿಮಾ ಮಾಡಿದ್ದೀಯಪ್ಪ. ಅಂಥ ಪಾಪಿಗಳಿಗೆ ಹಾಗೇ ಆಗಬೇಕು’ ಅಂದ."

ಮೇಷ್ಟ್ರು ಟವಲನ್ನು ಹೆಗಲಿಗೆ ಹಾಕಿಕೊಂಡರು.

"ಇಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ‘ನಮ್ಮ ಕ್ವಾರೀಲೂ ಹಿಂದೆ ಒಬ್ಬ ಹೀಗೇ ತೀರಿಕೊಂಡಿದ್ದ, ಪಾಪ. ಹೆಸರು ನೆನಪಿಗೆ ಬರ್ತಿಲ್ಲ’ ಅಂದ."

"ನೀನೇನಂದೆ?"

"ಸಿದ್ದರಾಜು ಅಂದೆ. ‘ಇರಬಹುದು’ ಅಂದ. ಹೆಂಡತಿ ಕಾರಿನಲ್ಲಿ ಕೂತು ಕರೆದಳು. ಹೊರಟುಹೋದ."

ಹೊಳೆಯ ಆಚೆ ದಡದಲ್ಲಿ ಯಾರೋ ಎತ್ತುಗಳ ಮೈ ತೊಳೆಯುತ್ತಿದ್ದರು. ದೊರೆಸ್ವಾಮಿ ಅತ್ತ ನೋಡಿದ.

"ಅವನ ಹಾಗೇ ಇರುವ ನಟ. ಅವನ ಹಾಗೇ ನಡಿಗೆ, ಅವನ ಹಾಗೇ ಕೆಮ್ಮು. ಆದರೂ ಅದು ತಾನೇ ಅಂತ ಅವನಿಗೆ ಹೊಳೆಯಲಿಲ್ಲ. ಎಲ್ಲರೂ ಸಿನಿಮಾ ಗೆದ್ದಿತು ಅನ್ನುತ್ತಿದ್ದಾರೆ. ನನಗೆ ಸೋತ ಹಾಗಿದೆ. ನೀವು ಹೇಳಿ, ಗೆದ್ದಿತೋ ಸೋತಿತೋ?"

"ಟಾಕೀಸು ತುಂಬಿತ್ತಾ?"

"ತುಂಬಿತ್ತು."

"ನಿನ್ನ ಅಣ್ಣ ಬಾಗಿಲಿಗೆ ಬಂದಾಗ ಜನ ಏನು ಮಾಡಿದರು?"

"ಗೊತ್ತಿಲ್ಲ ಮೇಷ್ಟ್ರೇ. ನಗು ಕೇಳಿಸಿತು."

"ಕೊನೆಯಲ್ಲಿ, ಅತ್ತಿಗೆ ತಟ್ಟೆ ಇಟ್ಟಾಗ?"

"ನಾನು ತೆರೆ ನೋಡಲಿಲ್ಲ. ಶುರುವಿನಿಂದ ಕೊನೆಯವರೆಗೂ ಅವನ ಮುಖವನ್ನೇ ನೋಡುತ್ತಾ ಕೂತಿದ್ದೆ."

ಮೇಷ್ಟ್ರು ಎದ್ದು ಮೆಟ್ಟಿಲು ಹತ್ತಿದರು. ಮೇಲಿನ ಮೆಟ್ಟಿಲಲ್ಲಿ ನಿಂತು ತಿರುಗಿದರು.

"ಹಾಗಾದರೆ ಅಲ್ಲಿ ಸಿನಿಮಾ ನೋಡದೇ ಬಂದವನು ನೀನೊಬ್ಬನೇ. ನಾಳೆ ಒಂದು ಟಿಕೆಟ್ ತಗೊಂಡು, ಹೋಗಿ ನೋಡಿ ಬಾ."